ಕಾರ್ಡ್ ಕೈಯಲ್ಲಿ, ಹೆಸರು ಎಲ್ಲಿ?

2024ರ ಏಪ್ರಿಲ್ 26. ಡೇಟ್ ನಂಗೆ ಸರಿಯಾಗಿ ನೆನಪಿದೆ, ಯಾಕಂದ್ರೆ ಅದಕ್ಕೆ ಒಂದು ವಾರ ಮುಂಚೆ ತಾನೇ ಸಿಇಟಿ ಬರೆದು, ಔಟ್ ಆಫ್ ಸಿಲಬಸ್ ಪ್ರಶ್ನೆಗಳ ಶಾಕ್‌ನಲ್ಲಿ ಊರಿಗೆ ಬಂದು ಬಿದ್ದುಕೊಂಡಿದ್ದೆ. ಆವತ್ತು ಲೋಕಸಭೆ ಚುನಾವಣೆ. ನಂಗೆ ಇನ್ನೂ 18 ತುಂಬಿರಲಿಲ್ಲ. ಹಾಗಾಗಿ ನನ್ನ ಕೆಲಸ ಅಂದ್ರೆ ಅಜ್ಜಿನ ಸ್ಕೂಟಿಯಲ್ಲಿ ಕೂರಿಸಿಕೊಂಡು ಊರ ಶಾಲೆಯ ಬೂತ್‌ಗೆ ಕರ್ಕೊಂಡು ಹೋಗಿ ವಾಪಸ್ ಕರ್ಕೊಂಡು ಬರೋದು, ಅಷ್ಟೇ.

ಅಜ್ಜಿ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ, ಮದುವೆಗೆ ಉಡೋ ಸೀರೆ ಉಟ್ಟು ರೆಡಿ. ವೋಟರ್ ಐಡಿನ ರೇಷನ್ ಕಾರ್ಡ್ ಜೊತೆ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಅದನ್ನ ಸೆರಗಿನ ತುದಿಗೆ ಕಟ್ಕೊಂಡಿದ್ರು. ಕಪ್ಪು ಬಿಳುಪು ಫೋಟೋ ಇರೋ ಹಳೇ ಕಾರ್ಡ್. ಕ್ಯೂನಲ್ಲಿ ಅರ್ಧ ಗಂಟೆ ನಿಂತು ಒಳಗೆ ಹೋದವರು ಐದು ನಿಮಿಷಕ್ಕೆ ಹೊರಗೆ ಬಂದ್ರು. ಬೆರಳಲ್ಲಿ ಶಾಯಿ ಇರಲಿಲ್ಲ.

"ಏನಾಯ್ತು ಅಜ್ಜಿ?"

"ನಾನು ಸತ್ತು ಹೋಗಿದೀನಂತೆ ಕಣೋ."

ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಯಾರೋ ಯಾವಾಗಲೋ ತೆಗೆದು ಹಾಕಿದ್ರು. ಬೂತ್‌ನಲ್ಲಿ ಇದ್ದವರು ಪಾಪ ಒಳ್ಳೆಯವರೇ, ಎರಡು ಸಲ ಹುಡುಕಿದ್ರಂತೆ, ಅಕ್ಕಪಕ್ಕದ ಭಾಗದ ಪಟ್ಟಿನೂ ನೋಡಿದ್ರಂತೆ. "ಅಮ್ಮಾ, ನಿಮ್ಮ ಕಾರ್ಡ್ ಅಸಲಿನೇ. ಆದ್ರೆ ಹೆಸರಿಲ್ಲ, ನಾವೇನೂ ಮಾಡೋಕಾಗಲ್ಲ" ಅಂದ್ರಂತೆ. ಸಿಇಟಿಯಲ್ಲಿ ನಂಗೆ ಬಂದ ಔಟ್ ಆಫ್ ಸಿಲಬಸ್ ಪ್ರಶ್ನೆಗಳನ್ನ ಆಮೇಲೆ ಲೆಕ್ಕದಿಂದ ಕೈಬಿಟ್ರು. ಅಜ್ಜಿಗೆ ಬಂದ ಔಟ್ ಆಫ್ ಸಿಲಬಸ್ ಪ್ರಶ್ನೆಗೆ ಗ್ರೇಸ್ ಮಾರ್ಕ್ಸ್ ಇರಲಿಲ್ಲ. ಅವರ ಓಟು ಹೋಯ್ತು ಅಂದ್ರೆ ಹೋಯ್ತು.

ಈ ಕಥೆ ಈಗ ಯಾಕೆ ನೆನಪಾಯ್ತು ಅಂದ್ರೆ, ಮೊನ್ನೆ ರಾತ್ರಿ ನಮ್ಮ ಹಾಸ್ಟೆಲ್ ವಿಂಗ್‌ನಲ್ಲಿ ಒಂದು ದೊಡ್ಡ ಜಗಳ ಆಯ್ತು. ರಾಷ್ಟ್ರೀಯ ಮತದಾರರ ದಿನಕ್ಕೆ ಪ್ರತಿಜ್ಞೆ ತಗೊಳ್ಳೋ ಕಾರ್ಯಕ್ರಮದ ಮೆಸೇಜ್ ಬಂತು. ಅದರಿಂದ ಮಾತು ಶುರುವಾಗಿ, ಒಬ್ಬ ಹೇಳಿದ: "ಪ್ರತಿಜ್ಞೆ ಎಲ್ಲ ಬಿಡ್ರೋ. ಬೂತ್‌ನಲ್ಲಿ ಐಡಿ ಚೆಕಿಂಗ್ ಟೈಟ್ ಮಾಡ್ಲಿ, ಬಯೋಮೆಟ್ರಿಕ್ ಹಾಕ್ಲಿ, ಎಲ್ಲ ನಕಲಿ ಓಟೂ ನಿಲ್ಲುತ್ತೆ." ಇನ್ನೊಬ್ಬ ಹೇಳಿದ: "ಐಡಿ ಕೇಳಿದ್ರೆ ಬಡವರು ಓಟೇ ಹಾಕಲ್ಲ, ಟರ್ನೌಟ್ ಬಿದ್ದು ಹೋಗುತ್ತೆ. ಅಮೆರಿಕದಲ್ಲಿ ಅದೇ ಆಗಿದ್ದು." ಇಬ್ಬರೂ ತುಂಬಾ ಕಾನ್ಫಿಡೆಂಟ್. ನಾನು ಮಧ್ಯದಲ್ಲಿ ಕೂತು ಏನೂ ಹೇಳೋಕೆ ಗೊತ್ತಾಗದೆ, ಆಮೇಲೆ ಒಂದು ವಾರ ಕೂತು ಓದಿದೆ. ನಾನು ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಬರೆಯೋಕೆ ಕೂತ್ರೆ ಒತ್ತಕ್ಷರಕ್ಕೆ ಇನ್ನೂ ಅಮ್ಮಂಗೆ ಫೋನ್ ಮಾಡ್ತೀನಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಓಟು ಹಾಕೋಕೆ ಗುರುತಿನ ದಾಖಲೆ ಕೇಳೋದು ತಪ್ಪಲ್ಲ. ಆದ್ರೆ ಕೇಳೋರು ಯಾರೋ, ಆ ದಾಖಲೆ ಎಲ್ಲರ ಕೈಗೂ ತಲುಪಿಸೋ ಜವಾಬ್ದಾರಿನೂ ಅವರದೇ ಆಗಿರಬೇಕು. ಮತ್ತೆ ಕಾರ್ಡ್ ಬಗ್ಗೆ ನಾವು ಇಷ್ಟು ಜಗಳ ಆಡ್ತಾ ಇರೋವಾಗ, ನಿಜವಾದ ಸಮಸ್ಯೆ ಇರೋದು ಕಾರ್ಡ್‌ನಲ್ಲಿ ಅಲ್ಲ, ಪಟ್ಟಿಯಲ್ಲಿ.

ಮೊದಲು ಎಂಜಿನಿಯರ್‌ಗಳ ತರ ಯೋಚಿಸೋಣ. ಯಾವ ಗೇಟೇ ಇರಲಿ, ಅದು ಎರಡು ತರ ತಪ್ಪು ಮಾಡಬಹುದು. ಒಳಗೆ ಬರಬಾರದವನನ್ನ ಬಿಡೋದು ಒಂದು. ಬರಬೇಕಾದವನನ್ನ ತಡೆಯೋದು ಇನ್ನೊಂದು. ಒಂದು ಹಾಸ್ಟೆಲ್ ಮೆಸ್‌ನಲ್ಲಿ ಹೊರಗಿನವರು ಬಂದು ಊಟ ಮಾಡ್ತಾರೆ ಅಂತ ಕ್ಯೂಆರ್ ಕೋಡ್ ಸ್ಕ್ಯಾನ್ ತಂದ್ರು ಅಂದ್ಕೊಳ್ಳಿ. (ಯಾವ ಹಾಸ್ಟೆಲ್ ಅಂತ ಕೇಳಬೇಡಿ.) ಹೊರಗಿನವರು ಎಷ್ಟು ಜನ ಸಿಕ್ಕಿಬಿದ್ರು ಅಂತ ಯಾರಿಗೂ ಗೊತ್ತಿಲ್ಲ. ಆದ್ರೆ ಫೋನ್ ಚಾರ್ಜ್ ಇಲ್ಲದೆ ವಾಪಸ್ ಹೋಗಿ ಮ್ಯಾಗಿ ತಿಂದವರು ಎಷ್ಟು ಜನ ಅಂತ ಎಲ್ಲರಿಗೂ ಗೊತ್ತು. ಗೇಟ್ ಟೈಟ್ ಮಾಡಿದಷ್ಟೂ ಮೊದಲ ತಪ್ಪು ಕಡಿಮೆ ಆಗಬಹುದು, ಎರಡನೇದು ಜಾಸ್ತಿ ಆಗುತ್ತೆ. ಟೈಟ್ ಮಾಡಬೇಕಾ ಬೇಡ್ವಾ ಅಂತ ಹೇಳೋಕೆ ಎರಡರದ್ದೂ ಲೆಕ್ಕ ಬೇಕು.

ಹಾಗಾದ್ರೆ ಮೊದಲ ಪ್ರಶ್ನೆ. ಬೂತ್‌ನಲ್ಲಿ ಫೋಟೋ ಐಡಿ ಕೇಳೋದ್ರಿಂದ ಯಾವ ಮೋಸ ನಿಲ್ಲುತ್ತೆ? ಒಂದೇ ಒಂದು. ನಾನು ಹೋಗಿ ನಿಮ್ಮ ಹೆಸರಲ್ಲಿ ಓಟು ಹಾಕೋದು. ಬೇರೆ ಯಾವುದೂ ಇದರಿಂದ ನಿಲ್ಲಲ್ಲ. ದುಡ್ಡು ಹಂಚೋದು ನಿಲ್ಲಲ್ಲ, ಹೆದರಿಸೋದು ನಿಲ್ಲಲ್ಲ, ಪಟ್ಟಿಯಲ್ಲಿ ಕೈಯಾಡಿಸೋದು ನಿಲ್ಲಲ್ಲ.

ಈ ಒಂದು ಮೋಸಕ್ಕೂ ನಮ್ಮಲ್ಲಿ ಐಡಿ ಬಿಟ್ಟು ಬೇರೆ ತಡೆಗಳು ಮೊದಲಿಂದ ಇವೆ. ಎಲ್ಲಕ್ಕಿಂತ ಚೆನ್ನಾಗಿರೋದು ನಮ್ಮ ಮೈಸೂರಿನದೇ. ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಕಂಪನಿ ಮಾಡೋ ಅಳಿಸಲಾಗದ ಶಾಯಿ. 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬಿಸಿಲಿಗೆ ಕಪ್ಪಾಗುತ್ತೆ, ಕೆಮಿಸ್ಟ್ರಿ ಅಷ್ಟೇ. ಒಬ್ಬನೇ ಎರಡು ಸಲ ಹಾಕೋದನ್ನ ಅದು ತಡೆಯುತ್ತೆ. ಇದರಲ್ಲಿ ನಂಗೆ ಇಷ್ಟ ಆಗೋದು ಏನಂದ್ರೆ, ಶಾಯಿ ಯಾರನ್ನೂ ಬಾಗಿಲಲ್ಲೇ ವಾಪಸ್ ಕಳಿಸಲ್ಲ. ಶಾಯಿ ಹಚ್ಚಿಸಿಕೊಳ್ಳೋಕೆ ಮೊದಲೇ ಹೋಗಿ ಯಾವ ಆಫೀಸ್‌ನಲ್ಲೂ ಕ್ಯೂ ನಿಲ್ಲಬೇಕಿಲ್ಲ. ಬೆರಳು ಇದ್ರೆ ಸಾಕು.

ಆಮೇಲೆ ಬೂತ್ ಏಜೆಂಟ್‌ಗಳು. ಹಳ್ಳಿಯಲ್ಲಿ ಪಾರ್ಟಿ ಏಜೆಂಟ್‌ಗೆ ಯಾರು ಯಾರ ಮಗ ಅಂತ ಪೂರ್ತಿ ಗೊತ್ತಿರುತ್ತೆ. ಅನುಮಾನ ಬಂದ್ರೆ ಎರಡು ರೂಪಾಯಿ ಠೇವಣಿ ಕಟ್ಟಿ "ಇವನು ಅವನಲ್ಲ" ಅಂತ ತಕರಾರು ಎತ್ತಬಹುದು. ನಿಮ್ಮ ಓಟನ್ನ ಬೇರೆಯವರು ಹಾಕಿಬಿಟ್ಟಿದ್ರೆ, 49ಪಿ ನಿಯಮದ ಪ್ರಕಾರ ನೀವು ಪೇಪರ್ ಬ್ಯಾಲಟ್‌ನಲ್ಲಿ ಹಾಕಬಹುದು. ವಿಜಯ್ ಅವರ 'ಸರ್ಕಾರ್' ನೋಡಿದವರಿಗೆ ಇದು ಗೊತ್ತಿರುತ್ತೆ. ಆದ್ರೆ ಗಮನಿಸಿ, ಈ ಎಲ್ಲ ಸೌಲಭ್ಯ ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಮಾತ್ರ. ಅಜ್ಜಿಗೆ 49ಪಿ ಕೂಡ ಇರಲಿಲ್ಲ.

ಅಮೆರಿಕದಲ್ಲಿ ಈ ಜಗಳ ತುಂಬಾ ಹಳೇದು. ಅಲ್ಲಿ ಜಸ್ಟಿನ್ ಲೆವಿಟ್ ಅನ್ನೋ ಕಾನೂನು ಪ್ರೊಫೆಸರ್ 2000ದಿಂದ 2014ರವರೆಗೆ ಇಂಥ ಹೆಸರು ಕದಿಯೋ ಮೋಸಗಳನ್ನ ಹುಡುಕಿ ಹುಡುಕಿ ಲೆಕ್ಕ ಹಾಕಿದ್ರು. ನಂಬಬಹುದಾದ ಪ್ರಕರಣ ಸಿಕ್ಕಿದ್ದು 31. ಆ ಅವಧಿಯಲ್ಲಿ ಬಿದ್ದ ಓಟು 100 ಕೋಟಿಗೂ ಹೆಚ್ಚು. ಸಿಗದೇ ಇರೋವೂ ಇರುತ್ತವೆ, ಒಪ್ಪಿಕೊಳ್ಳೋಣ. ನೂರು ಪಟ್ಟು ಇದ್ರೂ ಅದು ಸಣ್ಣದೇ.

ಈಗ ಇನ್ನೊಂದು ಕಡೆ. ಗೇಟ್ ಯಾರನ್ನ ತಡೀತು?

2008ರಲ್ಲಿ ಇಂಡಿಯಾನಾ ರಾಜ್ಯದ ಫೋಟೋ ಐಡಿ ಕಾನೂನನ್ನ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಕೆಲವೇ ದಿನಗಳಲ್ಲಿ ಪ್ರೈಮರಿ ಚುನಾವಣೆ ಬಂತು. ಸೌತ್ ಬೆಂಡ್ ಅನ್ನೋ ಊರಲ್ಲಿ ಒಂದು ಕಾನ್ವೆಂಟ್‌ನ ಸುಮಾರು ಹನ್ನೆರಡು ವಯಸ್ಸಾದ ಸನ್ಯಾಸಿನಿಯರನ್ನ ಐಡಿ ಇಲ್ಲ ಅಂತ ವಾಪಸ್ ಕಳಿಸಿದ್ರು. ವಾಪಸ್ ಕಳಿಸಿದ ಬೂತ್ ಸಿಬ್ಬಂದಿನೂ ಅದೇ ಕಾನ್ವೆಂಟ್‌ನ ಸನ್ಯಾಸಿನಿ! ಅವರೆಲ್ಲ ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದ್ರೆ ರೂಲ್ ಅಂದ್ರೆ ರೂಲ್. ವಯಸ್ಸಾಯ್ತು, ಕಾರ್ ಓಡಿಸೋದು ಬಿಟ್ಟರು, ಲೈಸೆನ್ಸ್ ಅವಧಿ ಮುಗೀತು, ಫೋಟೋ ಐಡಿ ಮುಗೀತು. ಅಷ್ಟೇ ಕಥೆ.

ಟೆಕ್ಸಸ್‌ದು ನಮಗೆ, ಅಂದ್ರೆ ಸ್ಟೂಡೆಂಟ್‌ಗಳಿಗೆ, ಇನ್ನೂ ಉರಿಯೋ ಕಥೆ. 2011ರಲ್ಲಿ ಅಲ್ಲಿ ಮಾಡಿದ ಕಾನೂನಿನಲ್ಲಿ ಒಪ್ಪೋ ದಾಖಲೆಗಳ ಪಟ್ಟಿ ಇತ್ತು. ಬಂದೂಕು ಇಟ್ಟುಕೊಳ್ಳೋ ಲೈಸೆನ್ಸ್ ನಡೆಯುತ್ತೆ. ಸರ್ಕಾರಿ ಯೂನಿವರ್ಸಿಟಿಯ ಸ್ಟೂಡೆಂಟ್ ಐಡಿ ನಡೆಯಲ್ಲ. ಎರಡರಲ್ಲೂ ಫೋಟೋ ಇದೆ, ಎರಡನ್ನೂ ಕೊಡೋದು ಸರ್ಕಾರದ ಸಂಸ್ಥೆಗಳೇ. ಆಮೇಲೆ 2014ರಲ್ಲಿ ಕೋರ್ಟ್ ಮುಂದೆ ಬಂದ ಲೆಕ್ಕದ ಪ್ರಕಾರ, ಆಗಲೇ ನೋಂದಾಯಿತರಾಗಿದ್ದ ಮತದಾರರಲ್ಲಿ ಸುಮಾರು 6 ಲಕ್ಷ ಜನರ ಹತ್ತಿರ ಪಟ್ಟಿಯಲ್ಲಿದ್ದ ಯಾವ ದಾಖಲೆನೂ ಇರಲಿಲ್ಲ. ಅದು ಶೇ. 4.5. ಕಾರ್ಡ್ ಫ್ರೀ ಅಂದ್ರು. ಆದ್ರೆ ಫ್ರೀ ಕಾರ್ಡ್‌ಗೆ ಬರ್ತ್ ಸರ್ಟಿಫಿಕೇಟ್ ಬೇಕು, ಬರ್ತ್ ಸರ್ಟಿಫಿಕೇಟ್ ತೆಗೆಸೋಕೆ ಓಡಾಡಬೇಕು, ಓಡಾಡೋಕೆ ಒಂದು ದಿನದ ಕೂಲಿ ಬಿಡಬೇಕು. ತಾಲೂಕು ಕಚೇರಿಗೆ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅಲೆದವರಿಗೆ ಈ ಫ್ರೀ ಅನ್ನೋ ಪದದ ಅರ್ಥ ವಿವರಿಸಬೇಕಾಗಿಲ್ಲ. ಕೊನೆಗೆ 2016ರಲ್ಲಿ ಕೋರ್ಟ್ ಆದೇಶದ ಮೇಲೆ, ಕಾರ್ಡ್ ಇಲ್ಲದವರು ಕಾರಣ ಬರೆದು ಪ್ರಮಾಣ ಮಾಡಿ ಓಟು ಹಾಕಬಹುದು ಅಂತ ಬದಲಾಯ್ತು.

ಇಂಗ್ಲೆಂಡ್‌ನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಫೋಟೋ ಐಡಿ ಕಡ್ಡಾಯ ಆಯ್ತು. ಅಲ್ಲೂ ಅದೇ ಕಥೆ. ವಯಸ್ಸಾದವರ ಬಸ್ ಪಾಸ್ ನಡೆಯುತ್ತೆ, ಸ್ಟೂಡೆಂಟ್‌ಗಳ ಟ್ರಾವೆಲ್ ಕಾರ್ಡ್ ನಡೆಯಲ್ಲ. ಆ ಮೊದಲ ಚುನಾವಣೆಯಲ್ಲಿ ಬೂತ್‌ವರೆಗೆ ಬಂದು, ಐಡಿ ಇಲ್ಲದೆ ಕೊನೆಗೂ ಓಟು ಹಾಕೋಕಾಗದೆ ಹೋದವರು ಸುಮಾರು 14,000 ಜನ ಅಂತ ಅಲ್ಲಿನ ಚುನಾವಣಾ ಆಯೋಗವೇ ಹೇಳಿತು. ಮನೆಯಲ್ಲೇ ಉಳಿದವರು ಇದರಲ್ಲಿ ಸೇರಿಲ್ಲ. ಮಾರನೇ ವರ್ಷ ಒಬ್ಬ ಫೇಮಸ್ ವ್ಯಕ್ತಿನೂ ಐಡಿ ಮರೆತು ಹೋಗಿ ಬೂತ್‌ನಿಂದ ವಾಪಸ್ ಬಂದ್ರು. ಬೋರಿಸ್ ಜಾನ್ಸನ್. ಈ ಕಾನೂನು ತಂದ ಸರ್ಕಾರದ ಪ್ರಧಾನಿನೇ ಅವರು. ಮನೆಗೆ ಹೋಗಿ ಐಡಿ ತಂದು ಆಮೇಲೆ ಓಟು ಹಾಕಿದ್ರು. ದೇಶಕ್ಕೆಲ್ಲ ಮುಖ ಗೊತ್ತಿರೋ ಮನುಷ್ಯ ಯಾರು ಅಂತ ಸಾಬೀತು ಮಾಡೋಕೆ ಮನೆಗೆ ಹೋಗಿ ಬರಬೇಕಾಯ್ತು.

ಇಷ್ಟು ಓದೋ ಹೊತ್ತಿಗೆ ನಾನು ಪೂರ್ತಿ ಎರಡನೇ ಫ್ರೆಂಡ್ ಪಾರ್ಟಿ ಸೇರಿದ್ದೆ. ಐಡಿ ಕೇಳಿದ್ರೆ ಟರ್ನೌಟ್ ಬೀಳುತ್ತೆ, ಮುಗೀತು ಅಂತ. ಆಮೇಲೆ ಡೇಟಾ ನೋಡಿದೆ. ಅದು ಅಷ್ಟು ಸುಲಭ ಇಲ್ಲ.

2014ರಲ್ಲಿ ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಕ್ಯಾನ್ಸಸ್ ಮತ್ತು ಟೆನೆಸಿ ರಾಜ್ಯಗಳನ್ನ ಬೇರೆ ರಾಜ್ಯಗಳ ಜೊತೆ ಹೋಲಿಸಿ ನೋಡ್ತು. ಐಡಿ ಕಾನೂನಿನಿಂದ ಟರ್ನೌಟ್ ಸುಮಾರು 2ರಿಂದ 3 ಪರ್ಸೆಂಟೇಜ್ ಪಾಯಿಂಟ್ ಬಿತ್ತು ಅಂತ ಅಂದಾಜು. ಹೆಚ್ಚು ಬಿದ್ದಿದ್ದು 18 ವರ್ಷದವರಲ್ಲಿ, ಹೊಸದಾಗಿ ಹೆಸರು ಸೇರಿಸಿದವರಲ್ಲಿ, ಕರಿಯ ಮತದಾರರಲ್ಲಿ. ಸರಿ. ಆದ್ರೆ 2021ರಲ್ಲಿ ಕ್ಯಾಂಟೋನಿ ಮತ್ತು ಪೋನ್ಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2008ರಿಂದ 2018ರವರೆಗೆ ಇಡೀ ದೇಶದ, ನೂರು ಕೋಟಿಗೂ ಹೆಚ್ಚು ಸಾಲುಗಳ ಡೇಟಾ ಇಟ್ಕೊಂಡು ಅದೇ ಪ್ರಶ್ನೆ ಕೇಳಿದ್ರು. ಒಟ್ಟಾರೆ ಟರ್ನೌಟ್ ಮೇಲೆ ಹೇಳಿಕೊಳ್ಳೋ ಅಂಥ ಪರಿಣಾಮ ಕಾಣಲಿಲ್ಲ. ಜನಾಂಗವಾರು ನೋಡಿದ್ರೂ ಕಾಣಲಿಲ್ಲ. ನನ್ನ ಎರಡನೇ ಫ್ರೆಂಡ್‌ಗೆ ಇದು ಕಹಿ ಸುದ್ದಿ. ಮೊದಲ ಫ್ರೆಂಡ್‌ಗೂ ಕಹಿ ಸುದ್ದಿ ಅದೇ ಪೇಪರ್‌ನಲ್ಲಿದೆ: ಕಾನೂನಿನಿಂದ ಮೋಸ ಕಡಿಮೆ ಆಗಿದ್ದಕ್ಕೂ ಸಾಕ್ಷಿ ಸಿಗಲಿಲ್ಲ. ಚುನಾವಣೆ ಸರಿಯಾಗಿ ನಡೀತಿದೆ ಅನ್ನೋ ಜನರ ನಂಬಿಕೆನೂ ಹೆಚ್ಚಾಗಲಿಲ್ಲ.

ಅಂದ್ರೆ ಎರಡೂ ಕಡೆಯವರು ಹೇಳಿಕೊಂಡಷ್ಟು ದೊಡ್ಡ ಪರಿಣಾಮ ಇಲ್ಲ. ಹಾಗಾದ್ರೆ ಬಿಟ್ಟುಬಿಡೋಣ್ವಾ? ನಂಗೆ ಹಾಗನ್ಸಲ್ಲ. ಆವರೇಜ್ ಒಂದು, ಮನುಷ್ಯ ಇನ್ನೊಂದು. ಕ್ಲಾಸ್ ಆವರೇಜ್ 70 ಇದ್ರೆ ಯಾರೂ ಫೇಲ್ ಆಗಿಲ್ಲ ಅಂತಲ್ಲ. ಕಾನೂನಿನ ಮೇಲೆ ಸಿಟ್ಟು ಬಂದು ನೂರು ಜನ ಹೊಸದಾಗಿ ಬಂದು ಓಟು ಹಾಕಿ, ಕಾರ್ಡ್ ಇಲ್ಲದ ನೂರು ಜನ ವಾಪಸ್ ಹೋದ್ರೂ ಟರ್ನೌಟ್ ಅಷ್ಟೇ ಇರುತ್ತೆ. ಆದ್ರೆ ವಾಪಸ್ ಹೋದ ನೂರು ಜನಕ್ಕೆ ಅದರಿಂದ ಏನು ಸಮಾಧಾನ? ಓಟು ಒಂದು ಹಕ್ಕು ಅಂದಮೇಲೆ, ಅದನ್ನ ಪರ್ಸೆಂಟೇಜ್‌ನಲ್ಲಿ ಸರಿದೂಗಿಸೋಕೆ ಆಗಲ್ಲ.

ನಮ್ಮ ರಾಜ್ಯದ್ದೇ ನೋಡಿ. 2024ರಲ್ಲಿ ಮಂಡ್ಯದಲ್ಲಿ ಶೇ. 81ಕ್ಕೂ ಹೆಚ್ಚು ಮತದಾನ. ಬೆಂಗಳೂರು ದಕ್ಷಿಣ, ಉತ್ತರ, ಸೆಂಟ್ರಲ್ ಮೂರರಲ್ಲೂ 53-54ರ ಆಸುಪಾಸು. ಐಡಿ ನಿಯಮ ಎರಡೂ ಕಡೆ ಒಂದೇ. ಒಂದೇ ದಿನ, ಒಂದೇ ಶಾಯಿ. ಹಾಗಾಗಿ ಐಡಿ ಒಂದರಿಂದಲೇ ಟರ್ನೌಟ್ ಏರುತ್ತೆ ಇಳಿಯುತ್ತೆ ಅನ್ನೋದು ನಿಲ್ಲಲ್ಲ. ಪ್ರತಿ ಸಲ ಟಿವಿಯವರು "ಬೆಂಗಳೂರಿನ ವಿದ್ಯಾವಂತರು ಸೋಮಾರಿಗಳು" ಅಂತ ಬಯ್ತಾರೆ. ಸ್ವಲ್ಪ ನಿಜ ಇರಬಹುದು, ಲಾಂಗ್ ವೀಕೆಂಡ್ ಸಿಕ್ಕಿದ್ರೆ ನಾವು ಎಲ್ಲಿರ್ತೀವಿ ಅಂತ ನಮಗೇ ಗೊತ್ತಲ್ಲ. ಆದ್ರೆ ಟರ್ನೌಟ್ ಅಂದ್ರೆ ಏನು? ಓಟು ಹಾಕಿದವರು ಭಾಗಿಸು ಪಟ್ಟಿಯಲ್ಲಿ ಇರೋರು. ಎಲ್ಲರೂ ಮೇಲಿನ ನಂಬರ್ ನೋಡ್ತಾರೆ, ಕೆಳಗಿನ ನಂಬರ್ ಯಾರೂ ನೋಡಲ್ಲ.

ಒಂದು ಬೂತ್‌ನಲ್ಲಿ 1000 ಹೆಸರು ಇವೆ ಅಂದ್ಕೊಳ್ಳಿ. 600 ಜನ ಓಟು ಹಾಕಿದ್ರೆ ಶೇ. 60. ಆ ಸಾವಿರದಲ್ಲಿ 200 ಜನ ಮನೆ ಬದಲಾಯಿಸಿ ಹೋಗಿದ್ರೆ, ನಿಜವಾದ ಟರ್ನೌಟ್ ಶೇ. 75. ಆ 200 ಜನ ಸೋಮಾರಿಗಳಲ್ಲ, ಅವರು ಅಲ್ಲಿ ಇಲ್ವೇ ಇಲ್ಲ. ಬಾಡಿಗೆ ಮನೆಗಳ ಊರಾದ ಬೆಂಗಳೂರಿನಲ್ಲಿ ಇಂಥ ಹೆಸರುಗಳು ಇರೋದು ಸಹಜ. ಈಗ ಉಲ್ಟಾ ಮಾಡಿ. ಪಟ್ಟಿ ಕ್ಲೀನ್ ಮಾಡೋ ಭರದಲ್ಲಿ ನಮ್ಮ ಅಜ್ಜಿಯಂಥ 50 ಜನರ ಹೆಸರು ಹೋಯ್ತು. ಆಗಲೂ ಪರ್ಸೆಂಟೇಜ್ ಮೇಲೇ ಹೋಗುತ್ತೆ! ಅಜ್ಜಿ ಮೇಲಿನ ನಂಬರ್‌ನಲ್ಲೂ ಇಲ್ಲ, ಕೆಳಗಿನ ನಂಬರ್‌ನಲ್ಲೂ ಇಲ್ಲ. ಅವರು ಬೆಳಿಗ್ಗೆ ಆರಕ್ಕೆ ಎದ್ದು ರೆಡಿಯಾಗಿದ್ದು ಯಾವ ಅಂಕಿಅಂಶಕ್ಕೂ ಸಿಗಲ್ಲ. ಅವತ್ತು ನಮ್ಮೂರಲ್ಲಿ ಒಳ್ಳೆ ಟರ್ನೌಟ್ ಆಯ್ತು ಅಂತ ಎಲ್ಲರೂ ಖುಷಿಪಟ್ಟರು.

2025ರಲ್ಲಿ ಬಿಹಾರದಲ್ಲಿ ನಡೆದ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆನ ನಾನು ಇದೇ ಕಣ್ಣಿಂದ ನೋಡಿದೆ. ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಸತ್ತವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಅಂತ ಆಯೋಗ ಹೇಳಿತು. ಅದರಲ್ಲಿ ಬಹಳಷ್ಟು ನಿಜವೇ ಇರಬಹುದು, ಹಳೇ ಪಟ್ಟಿ ಕ್ಲೀನ್ ಮಾಡಲೇಬೇಕು. ಆದ್ರೆ ಸತ್ತವರ ಲೆಕ್ಕಕ್ಕೆ ಸೇರಿದ್ದ ಇಬ್ಬರನ್ನ ಜೀವಂತವಾಗಿ ಸುಪ್ರೀಂ ಕೋರ್ಟ್ ಮುಂದೆ ತಂದು ನಿಲ್ಲಿಸಿದ್ರು. ಸುದ್ದಿ ಓದಿ ನಂಗೆ ನೆನಪಾಗಿದ್ದು ಅಜ್ಜಿ. ಆಮೇಲೆ ಕೋರ್ಟ್, ಬಿಟ್ಟುಹೋದ ಹೆಸರುಗಳನ್ನ ಕಾರಣದ ಸಮೇತ ಎಲ್ಲರಿಗೂ ಕಾಣೋ ಹಾಗೆ ಹಾಕಿ ಅಂತ ಹೇಳ್ತು. ಮೊದಲು ಒಪ್ಪದೇ ಇದ್ದ ಆಧಾರ್ ಅನ್ನ ಹನ್ನೆರಡನೇ ದಾಖಲೆಯಾಗಿ ತಗೊಳ್ಳಿ ಅಂತಲೂ ಹೇಳ್ತು. ಅಂತಿಮ ಪಟ್ಟಿಯಲ್ಲಿ 7.42 ಕೋಟಿ ಜನ ಉಳಿದರು. ನವೆಂಬರ್‌ನಲ್ಲಿ ಮತದಾನ ಸುಮಾರು ಶೇ. 67, ದಾಖಲೆ. 2020ಕ್ಕೆ ಹೋಲಿಸಿದ್ರೆ ಓಟು ಹಾಕಿದವರ ಸಂಖ್ಯೆನೂ ನಿಜವಾಗಿ ಹೆಚ್ಚಾಗಿತ್ತು, ಅದನ್ನ ಮುಚ್ಚಿಡಬಾರದು. ಆದ್ರೆ ಟರ್ನೌಟ್ ಏರಿತು ಅನ್ನೋದು "ತಪ್ಪಾಗಿ ಯಾರ ಹೆಸರೂ ಹೋಗಿಲ್ಲ" ಅನ್ನೋದಕ್ಕೆ ಪ್ರೂಫ್ ಅಲ್ಲ. ಅವೆರಡೂ ಬೇರೆ ಬೇರೆ ಪ್ರಶ್ನೆ.

ನಮ್ಮಲ್ಲಿ ಮೋಸ ಮಾಡೋರಿಗೂ ಇದು ಗೊತ್ತಿದೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಏನಾಯ್ತು ಅಂತ ನೋಡಿ. ಮತದಾರರ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ವು. ಪರಿಶೀಲನೆ ಮಾಡಿದಾಗ ಸರಿಯಾಗಿದ್ದದ್ದು 24. ಉಳಿದವು ಬೇರೆಯವರ ಹೆಸರಲ್ಲಿ ಯಾರೋ ಹಾಕಿದ್ದು. ಅದೃಷ್ಟಕ್ಕೆ ಸಮಯಕ್ಕೆ ಸರಿಯಾಗಿ ಗೊತ್ತಾಗಿ, ಆ ಅರ್ಜಿಗಳನ್ನ ತಿರಸ್ಕರಿಸಿದ್ರು, ಕೇಸೂ ಆಯ್ತು. ಯೋಚನೆ ಮಾಡಿ: ಗೊತ್ತಾಗದೇ ಇದ್ದಿದ್ರೆ, ಆ ಸುಮಾರು ಆರು ಸಾವಿರ ಜನ ವೋಟರ್ ಐಡಿ ಹಿಡ್ಕೊಂಡು ಬಂದು ಅಜ್ಜಿ ತರ ವಾಪಸ್ ಹೋಗ್ತಿದ್ರು. ಬೂತ್‌ನಲ್ಲಿ ಫೇಸ್ ಸ್ಕ್ಯಾನ್ ಇಟ್ಟಿದ್ರೂ, ಬೆರಳಚ್ಚು ತಗೊಂಡಿದ್ರೂ, ಏನೂ ಉಪಯೋಗ ಇರ್ತಿರಲಿಲ್ಲ. ಮುಂದಿನ ಬಾಗಿಲಿಗೆ ನಾಲ್ಕು ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಈಗ ಮೊದಲ ಫ್ರೆಂಡ್‌ಗೆ ನ್ಯಾಯ ಒದಗಿಸಬೇಕು. ಅವನ ಮಾತಲ್ಲಿ ಒಂದು ನಿಜ ಇದೆ. ನಮ್ಮ ದೇಶದಲ್ಲಿ ಬೂತ್ ವಶ ಮಾಡಿಕೊಂಡು ಒಬ್ಬರೇ ನೂರಾರು ಓಟು ಒತ್ತಿದ ಕಾಲ ಇತ್ತು. ಟಿ. ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ ಫೋಟೋ ಗುರುತಿನ ಚೀಟಿ ಶುರುವಾಗಿದ್ದು ಸುಮ್ಮನೆ ಅಲ್ಲ. ಇನ್ನೊಂದು ವಿಷಯ. ನಮ್ಮಲ್ಲಿ ಸರ್ಕಾರ ಮನೆ ಮನೆಗೆ ಬಂದು ಪಟ್ಟಿ ಮಾಡಿ, ಕಾರ್ಡ್ ಕೊಡೋ ಕೆಲಸ ತನ್ನದು ಅಂತ ಒಪ್ಪಿಕೊಂಡಿದೆ. ಟೆಕ್ಸಸ್ ತರ "ಕಾರ್ಡ್ ನೀನೇ ಹುಡುಕ್ಕೊಂಡು ಬಾ" ಅನ್ನಲಿಲ್ಲ. ಕಾರ್ಡ್ ಇಲ್ಲದಿದ್ರೆ ಬೇರೆ ದಾಖಲೆನೂ ನಡೆಯುತ್ತೆ. 2024ರಲ್ಲಿ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೋ ಇರೋ ಬ್ಯಾಂಕ್ ಪಾಸ್‌ಬುಕ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಎಲ್ಲ ಸೇರಿ ಹನ್ನೆರಡು ಇದ್ವು. ಬಡವರ ಕೈಯಲ್ಲಿ ಇರೋ ಜಾಬ್ ಕಾರ್ಡ್ ಆ ಪಟ್ಟಿಯಲ್ಲಿದೆ ಅನ್ನೋದು ದೊಡ್ಡ ವಿಷಯ. (ನಮ್ಮ ಕೊರಳಲ್ಲಿ ನೇತಾಡೋ ಕಾಲೇಜ್ ಐಡಿ ಮಾತ್ರ ಇಲ್ಲೂ ಇಲ್ಲ.) ಅಜ್ಜಿಗೆ ಆ ಕಾರ್ಡ್ ಅಂದ್ರೆ ಎಷ್ಟು ಹೆಮ್ಮೆ ಅಂತ ನಾನೇ ನೋಡಿದೀನಿ. ಅವರ ಹೆಸರಲ್ಲಿ, ಅವರ ಫೋಟೋ ಇಟ್ಟು ಸರ್ಕಾರ ಕೊಟ್ಟ ಮೊದಲ ದಾಖಲೆ ಅದು. ಹಾಗಾಗಿ "ಐಡಿನೇ ಬೇಡ" ಅಂತ ಅಮೆರಿಕದ ವಾದವನ್ನ ಕಾಪಿ ಪೇಸ್ಟ್ ಮಾಡೋಕೆ ನಂಗೆ ಮನಸ್ಸಿಲ್ಲ.

ಆದ್ರೆ ಅದೇ ಉಸಿರಲ್ಲಿ, ನಮ್ಮ ವ್ಯವಸ್ಥೆಯ ತಪ್ಪು ಯಾರ ತಲೆ ಮೇಲೆ ಬೀಳುತ್ತೆ ಅಂತಲೂ ಕೇಳಬೇಕು. ಕಾನೂನಿನ ಪ್ರಕಾರ ಓಟು ಹಾಕೋ ಹಕ್ಕು ಬರೋದು ಪಟ್ಟಿಯಲ್ಲಿ ಹೆಸರು ಇರೋದ್ರಿಂದ, ಕಾರ್ಡ್‌ನಿಂದ ಅಲ್ಲ. ಇದು ಎಷ್ಟು ಜನಕ್ಕೆ ಗೊತ್ತು? ಕಾರ್ಡ್ ಕೈಯಲ್ಲಿದೆ ಅಂತ ನೆಮ್ಮದಿಯಾಗಿ ಇರ್ತೀವಿ, ಅಲ್ಲಿ ಹೆಸರು ಹೋಗಿರುತ್ತೆ. ಊರು ಬಿಟ್ಟಿದಾರೆ ಅಂತ ಹೆಸರು ತೆಗೆಯೋ ಮುಂಚೆ ಆ ವ್ಯಕ್ತಿಗೆ ಹೇಳಿಕೊಳ್ಳೋಕೆ ಅವಕಾಶ ಕೊಡಬೇಕು ಅಂತ 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯಲ್ಲೇ ಇದೆ. ಸತ್ತಿದಾರೆ ಅಂದ್ರೆ ಯಾರಿಗೆ ನೋಟಿಸ್ ಕೊಡೋದು? ಅಲ್ಲೇ ಅಜ್ಜಿ ಸಿಕ್ಕಿಹಾಕಿಕೊಂಡಿದ್ದು.

ನಂಗೆ ಅನ್ಸೋದು ಇಷ್ಟು. ಹೆಸರು ತೆಗೆದ್ರೆ, ಯಾವ ಕಾರಣಕ್ಕೇ ಆಗಲಿ, ಆ ಮನೆ ಫೋನ್‌ಗೆ ಒಂದು ಮೆಸೇಜ್ ಹೋಗಬೇಕು, ಕನ್ನಡದಲ್ಲಿ. ಕರೆಂಟ್ ಬಿಲ್‌ಗೆ ಬರೋ ಮೆಸೇಜ್ ಇದಕ್ಕೆ ಯಾಕೆ ಬರಲ್ಲ? ತೆಗೆದ ಹೆಸರುಗಳ ಪಟ್ಟಿ ಕಾರಣದ ಸಮೇತ ಪ್ರತಿ ಪಂಚಾಯಿತಿಯ ಗೋಡೆ ಮೇಲೆ ಚುನಾವಣೆಗೆ ಸಾಕಷ್ಟು ಮುಂಚೆ ಬರಬೇಕು. ಬಿಹಾರದಲ್ಲಿ ಕೋರ್ಟ್ ಹೇಳಿದ ಮೇಲೆ ಮಾಡೋಕಾಗಿದೆ ಅಂದ್ರೆ ಎಲ್ಲ ಕಡೆನೂ ಆಗುತ್ತೆ. ಮತ್ತೆ ಅಸಲಿ ಕಾರ್ಡ್ ಹಿಡ್ಕೊಂಡು ಬಂದ ಮನುಷ್ಯನ ಹೆಸರು ಪಟ್ಟಿಯಲ್ಲಿ ಇಲ್ಲ ಅಂದ್ರೆ, ಅವರಿಂದ ಒಂದು ಓಟು ತಗೊಂಡು ಲಕೋಟೆಯಲ್ಲಿ ಬೇರೆ ಇಟ್ಟು, ಆಮೇಲೆ ಪರಿಶೀಲಿಸೋ ಒಂದು ದಾರಿ ಇರಬೇಕು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇಂಥ ತಾತ್ಕಾಲಿಕ ಓಟಿನ ವ್ಯವಸ್ಥೆ ಇದೆ. ಅವರಿಂದ ಕಾಪಿ ಮಾಡಬೇಕಾದ್ದು ಇದನ್ನ.

ಸರ್ಕಾರಕ್ಕೆ ಹೇಳಿದ್ದಾಯ್ತು. ಈಗ ನಮಗೆ.

ಜಗಳ ಆದ ರಾತ್ರಿ ಕೊನೆಗೆ ನಾನು ವಿಂಗ್‌ನಲ್ಲಿ ಒಂದೇ ಪ್ರಶ್ನೆ ಕೇಳಿದೆ: "ನಿಮ್ಮಲ್ಲಿ ಎಷ್ಟು ಜನ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ ಅಂತ ನೋಡಿದೀರಿ?" ಬಯೋಮೆಟ್ರಿಕ್ ಬೇಕು ಅಂದವನು ಇನ್ನೂ ಅರ್ಜಿನೇ ಹಾಕಿಲ್ಲ. ಬಡವರ ಓಟಿನ ಬಗ್ಗೆ ಮಾತಾಡಿದವನ ಹೆಸರು ಬೀದರ್‌ನಲ್ಲಿದೆ, ಅಲ್ಲಿಗೆ ಹೋಗೋಕೆ ಇಲ್ಲಿಂದ ಒಂದು ರಾತ್ರಿ ಬೇಕು, ಹೋಗಲ್ಲ ಅಂತ ಅವನೇ ಹೇಳಿದ. ಅಂದ್ರೆ ಬೀದರ್‌ನ ಕೆಳಗಿನ ನಂಬರ್‌ನಲ್ಲಿ ಅವನೊಬ್ಬ ಸೋಮಾರಿ ವಿದ್ಯಾವಂತ.

ಗೊತ್ತಿಲ್ಲದವರಿಗೆ: ಹಾಸ್ಟೆಲ್‌ನಲ್ಲಿ ಇರೋ ವಿದ್ಯಾರ್ಥಿ ತನ್ನ ಊರಲ್ಲಾದ್ರೂ ಹೆಸರು ಇಟ್ಕೊಳ್ಳಬಹುದು, ಹಾಸ್ಟೆಲ್ ವಿಳಾಸದಲ್ಲಾದ್ರೂ ಸೇರಿಸಬಹುದು. ಎರಡರಲ್ಲಿ ಒಂದು ಕಡೆ ಮಾತ್ರ. ಹಾಸ್ಟೆಲ್ ವಿಳಾಸ ಆದ್ರೆ ಕಾಲೇಜಿನಿಂದ ಒಂದು ಬೊನಫೈಡ್ ಸರ್ಟಿಫಿಕೇಟ್ ಬೇಕು. ಹೊಸದಾಗಿ ಸೇರಿಸೋಕೆ ಫಾರ್ಮ್ 6, ವಿಳಾಸ ಬದಲಾಯಿಸೋಕೆ ಫಾರ್ಮ್ 8. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು. 17 ತುಂಬಿದ ಜೂನಿಯರ್‌ಗಳು ಮುಂಗಡವಾಗಿ ಅರ್ಜಿ ಹಾಕಬಹುದು. ನಮ್ಮ ಕನ್ನಡ ಸಂಘ ಪ್ರತಿಜ್ಞೆ ಕಾರ್ಯಕ್ರಮದ ಪಕ್ಕದಲ್ಲೇ ಒಂದು ಟೇಬಲ್ ಹಾಕಿ, ಆಫೀಸ್‌ನಲ್ಲಿ ಮಾತಾಡಿ ಬೊನಫೈಡ್ ಒಟ್ಟಿಗೆ ಕೊಡಿಸಿದ್ರೆ ಒಂದೇ ಮಧ್ಯಾಹ್ನ ಎಷ್ಟೋ ಜನರ ಕೆಲಸ ಮುಗಿಯುತ್ತೆ. ಟೇಬಲ್‌ಗೆ ನಾನು ಕೂರ್ತೀನಿ. ಮತ್ತೆ ಫಾರ್ಮ್ ತುಂಬೋವಾಗ ಹಾಗೇ ಊರಲ್ಲಿರೋ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರ ಹೆಸರೂ ಒಂದು ಸಲ ಸರ್ಚ್ ಮಾಡಿ. ಇಂಥ ಪರಿಷ್ಕರಣೆ ದೇಶದ ತುಂಬಾ ಮಾಡ್ತೀವಿ ಅಂತ ಆಯೋಗ ಹೇಳಿದೆ. ಪಟ್ಟಿಯಲ್ಲಿ ಹೆಸರು ನೋಡೋಕೆ ಅವರಿಗೆ ಬರಲ್ಲ, ನಮಗೆ ಬರುತ್ತೆ. ಎರಡು ನಿಮಿಷದ ಕೆಲಸ, ಒಂದು ರೀಲ್ ನೋಡೋವಷ್ಟು ಹೊತ್ತು.

ಅಜ್ಜಿ ಕಥೆ ಮುಗಿಸಿಲ್ಲ ಅಲ್ವಾ. ಆ ಜೂನ್‌ನಲ್ಲಿ ನಂಗೆ 18 ತುಂಬಿತು. ಜುಲೈನಲ್ಲಿ ಫಾರ್ಮ್ 6 ತುಂಬೋಕೆ ಕೂತಾಗ ಗೊತ್ತಾಯ್ತು, ಹೆಸರು ತೆಗೆದವರನ್ನ ವಾಪಸ್ ಸೇರಿಸೋಕೂ ಅದೇ ಫಾರ್ಮ್ ಅಂತೆ, ಹೊಸ ಮತದಾರರದ್ದು. ಹಾಗಾಗಿ ಒಂದೇ ದಿನ, ಒಂದೇ ಫೋನ್‌ನಲ್ಲಿ ಎರಡು ಅರ್ಜಿ ಹಾಕಿದೆ. ಒಂದು ನಂದು, ಒಂದು ಅಜ್ಜಿದು. 74 ವರ್ಷದ ಅಜ್ಜಿ, ಹೊಸ ಮತದಾರರು. ಪರಿಶೀಲನೆಗೆ ಬಂದ ಬಿಎಲ್‌ಓ ಮೇಡಂ ಜಗಲಿ ಮೇಲೆ ಕೂತಿದ್ದ ಅಜ್ಜಿನ ನೋಡಿ ನಕ್ಕು, ಸಹಿ ಹಾಕಿಸಿಕೊಂಡು ಹೋದ್ರು. ಎರಡು ಕಾರ್ಡೂ ಒಂದೇ ವಾರ ಪೋಸ್ಟ್‌ನಲ್ಲಿ ಬಂತು.

ಅಜ್ಜಿ ಹೊಸ ಕಾರ್ಡ್‌ನ ಹಳೇದರ ಜೊತೆ ಅದೇ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿಟ್ಟಿದಾರೆ. ಆದ್ರೆ ಈಗ ಅದನ್ನ ನಂಬಲ್ಲ. ನಾನು ಊರಿಗೆ ಹೋದಾಗೆಲ್ಲ, ಊಟ ಆದ್ಮೇಲೆ ಒಂದು ಪ್ರಶ್ನೆ ಗ್ಯಾರಂಟಿ: "ಲೋ, ಫೋನ್‌ನಲ್ಲಿ ನೋಡೋ. ನಾನು ಬದುಕಿದೀನಾ?"

ನೋಡಿ ಹೇಳ್ತೀನಿ. ನೀವೂ ನಿಮ್ಮ ಮನೆಯವರದ್ದು ನೋಡಿ.